ಪರದೇಶವಾಸದ ಅನುಮತಿ: ಅದು ಯಾರ ಕೈಯಲ್ಲಿದೆ?

ಧಾರವಾಡದಿಂದ ಮುಂಬಯಿಗೆ, ಮಂಗಳೂರಿನಿಂದ ದಿಲ್ಲಿಗೆ ಬಂದು ನೆಲಸುವ ಕನ್ನಡಿಗನು ಯಾರ ಅನುಮತಿಯನ್ನೂ ಬೇಡಬೇಕಾಗಿಲ್ಲ. ದೇಶದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ಪ್ರಜೆಗೆ ಕೊಟ್ಟಿದೆ. ನೌಕರಿ ಹೋದ ಮಾತ್ರಕ್ಕೆ ಅವನು ಊರು ಬಿಡಬೇಕಾಗಿಲ್ಲ. ದೇಶದ ಗಡಿಯನ್ನು ದಾಟಿದೊಡನೆ ಈ ನೆಮ್ಮದಿ ತಪ್ಪುತ್ತದೆ. ನಮ್ಮ ಮನೆಗಳ ತರುಣರು ಪರದೇಶಗಳಲ್ಲಿ ಬಾಳುವೆ ಕಟ್ಟಲು ಹೊರಡುವಾಗ ಸಂಬಳವೆಷ್ಟು ಎಂಬುದನ್ನು ವಿಚಾರಿಸುತ್ತಾರೆ. ಅಲ್ಲಿರುವ ಅನುಮತಿಯು ಯಾರ ಕೈಯಲ್ಲಿರುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಒಂದು ಮೂಲಭೇದವನ್ನು ಗಮನಿಸಬೇಕು. ಸ್ವದೇಶವನ್ನು ಬಿಟ್ಟು ಹೊರಡುವುದು ಹಕ್ಕು. ಪರದೇಶವನ್ನು ಪ್ರವೇಶಿಸುವುದು ಹಕ್ಕಲ್ಲ. 1948ರ ಮಾನವಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೆಯ ಅನುಚ್ಛೇದವು ಯಾವ ದೇಶವನ್ನಾದರೂ ಬಿಡುವ ಹಾಗೂ ಸ್ವದೇಶಕ್ಕೆ ಮರಳುವ ಹಕ್ಕನ್ನು ಮಾತ್ರ ಸಾರುತ್ತದೆ. ಸತ್ವಂತಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 1967ರಲ್ಲಿ ವಿದೇಶಪ್ರಯಾಣವು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ತೀರ್ಮಾನಿಸಿತು. ಪಾಸ್‌ಪೋರ್ಟು ಕಾಯಿದೆಯು ಬಂದುದು ಅದೇ ವರ್ಷದಲ್ಲಿ. ಆದರೆ ಪಾಸ್‌ಪೋರ್ಟು ನಮ್ಮ ಸರಕಾರವು ಕೊಡುವ ಗುರುತುಪತ್ರ. ವೀಸಾ ಎಂಬುದು ಇನ್ನೊಂದು ಸರಕಾರದ ಅನುಗ್ರಹ. ಆ ಅನುಗ್ರಹವನ್ನು ಯಾವುದಕ್ಕೆ ಕಟ್ಟಿದ್ದಾರೆಂಬುದರ ಮೇಲೆ ವಲಸೆಗಾರನ ಭವಿಷ್ಯವು ನಿಂತಿರುತ್ತದೆ.

ಒಂದು ಬಗೆಯಲ್ಲಿ ಅದನ್ನು ಮಾಲಿಕನಿಗೆ ಕಟ್ಟಿರುತ್ತಾರೆ. ಕೊಲ್ಲಿಯ ಅರಬ್ಬೀ ದೇಶಗಳ ‘ಕಫಾಲಾ’ ಪದ್ಧತಿ ಇದರ ಸ್ಪಷ್ಟ ಉದಾಹರಣೆ. ಹೊಣೆ ಹೊತ್ತ ಸ್ಥಳೀಯ ಮಾಲಿಕನ ಹೆಸರಿನಲ್ಲಿಯೇ ಕೆಲಸಗಾರನ ವಾಸ. ಹಿಂದೆ ಮಾಲಿಕನ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ. ಕೆಲವೆಡೆ ತಾಯ್ನಾಡಿಗೆ ಮರಳುವುದಕ್ಕೂ ಅವನ ಅನುಮತಿ ಬೇಕಿತ್ತು. ಕತಾರ್ 2020ರಲ್ಲಿ, ಸೌದಿ ಅರೇಬಿಯಾ 2021ರಲ್ಲಿ ಈ ಕಟ್ಟನ್ನು ಸಡಿಲಿಸಿದವು. ಆದರೆ ಸೌದಿಯ ಆ ಸುಧಾರಣೆಯಿಂದ ಮನೆಗೆಲಸದವರನ್ನು ಹೊರಗಿಡಲಾಯಿತು. ರಕ್ಷಣೆಯ ಅಗತ್ಯ ಹೆಚ್ಚಾಗಿದ್ದವರಿಗೇ ಅದು ದೊರೆಯಲಿಲ್ಲ. ಮಂಗಳೂರು, ಉಡುಪಿ, ಭಟ್ಕಳಗಳ ಅನೇಕ ಕುಟುಂಬಗಳಿಗೆ ಇದು ಪುಸ್ತಕದ ವಿಷಯವಲ್ಲ.

ಅಮೆರಿಕೆಯ ಎಚ್-1ಬಿ ವೀಸಾ ವಿದ್ಯಾವಂತರದು, ಸಂಬಳವೂ ದೊಡ್ಡದು. ಆದರೂ ಅದರ ತಳಹದಿ ಮಾಲಿಕನ ಅರ್ಜಿಯೇ. 1990ರ ಕಾಯಿದೆಯಿಂದ ಹುಟ್ಟಿದ ಈ ವೀಸಾದ ವಾರ್ಷಿಕ ಮಿತಿ 65,000. ಅಮೆರಿಕೆಯಲ್ಲಿಯೇ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. ಒಮ್ಮೆಗೆ ಮೂರು ವರ್ಷ, ಸಾಮಾನ್ಯವಾಗಿ ಒಟ್ಟು ಆರು ವರ್ಷ. ಕೆಲಸ ಹೋದರೆ ಬೇರೆ ಮಾಲಿಕನನ್ನು ಹುಡುಕಲು ದೊರೆಯುವ ಅವಧಿ ಹೆಚ್ಚೆಂದರೆ 60 ದಿನಗಳು. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಘೋಷಣೆಯೊಂದು, ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳ ಮೇಲೆ 1,00,000 ಡಾಲರುಗಳ ಶುಲ್ಕವನ್ನು ಹೇರಿತು. ಅನುಗ್ರಹವು ಎಷ್ಟು ಬೇಗ ಬದಲಾಗಬಲ್ಲದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಸ್ಥಿರವಾಸದ ಮಾತು ಬೇರೆ. 1946ರ ಕಾಯಿದೆಯು ಭಾರತಕ್ಕೆ ಕೊಟ್ಟದ್ದು ವರ್ಷಕ್ಕೆ ಕೇವಲ 100 ಜನರ ಪಾಲು. 1965ರ ಕಾಯಿದೆಯು ಜನಾಂಗಭೇದದ ಆ ಲೆಕ್ಕವನ್ನು ತೊಡೆದುಹಾಕಿತು. ಆದರೆ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿ ಈಗಲೂ ಉಂಟು. ಪುಟ್ಟ ದ್ವೀಪರಾಷ್ಟ್ರಕ್ಕೂ ಭಾರತಕ್ಕೂ ಒಂದೇ ಅಳತೆ! ಇದರಿಂದ ನೌಕರಿಯ ಆಧಾರದ ಮೇಲೆ ಅರ್ಜಿ ಹಾಕಿದ ಭಾರತೀಯರಲ್ಲಿ ಬಹುಮಂದಿ ಒಂದು ದಶಕಕ್ಕೂ ಮಿಕ್ಕಿ ಕಾಯುತ್ತಾರೆ. ಅಷ್ಟರಲ್ಲಿ ಜತೆಗೆ ಹೋದ ಮಗುವಿಗೆ 21 ತುಂಬಿದರೆ, ತಂದೆತಾಯಿಯರ ಆಶ್ರಯದಲ್ಲಿ ಪಡೆದ ಅದರ ಅನುಮತಿಯೂ ಮುಗಿಯುತ್ತದೆ. ಬೆಳೆದ ಊರಿನಲ್ಲಿಯೇ ಆ ಮಗು ಪರಕೀಯವಾಗುತ್ತದೆ.

ಇನ್ನೊಂದು ಬಗೆಯಲ್ಲಿ ಅನುಮತಿಯನ್ನು ವ್ಯಕ್ತಿಯ ಯೋಗ್ಯತೆಗೆ ಕಟ್ಟುತ್ತಾರೆ. 1951ರಲ್ಲಿ ಭಾರತೀಯರಿಗೆ ವರ್ಷಕ್ಕೆ 150ರ ಪಾಲು ಗೊತ್ತುಮಾಡಿದ್ದ ಕೆನಡಾ, 1967ರಲ್ಲಿ ವಿದ್ಯೆ, ವಯಸ್ಸು, ಭಾಷೆ, ಕಸುಬುಗಳಿಗೆ ಅಂಕ ಕೊಡುವ ಪದ್ಧತಿಯನ್ನು ತಂದಿತು. ಇದರಡಿ ಆಯ್ಕೆಯಾದವನು ಹೋಗುವಾಗಲೇ ಸ್ಥಿರವಾಸಿ. ಕೆಲಸ ಬಿಟ್ಟರೂ ವಾಸ ತಪ್ಪದು. ಜರ್ಮನಿಯು 2024ರ ಜೂನಿನಲ್ಲಿ ಆರಂಭಿಸಿದ ‘ಅವಕಾಶಪತ್ರ’ವು ಮಧ್ಯಮಮಾರ್ಗ. ತಕ್ಕ ವಿದ್ಯೆ ಅಥವಾ ಕಸುಬಿನ ತರಬೇತಿಯೊಡನೆ ಕನಿಷ್ಠ 6 ಅಂಕಗಳನ್ನು ಗಳಿಸಿ, ಜೀವನೋಪಾಯಕ್ಕೆ ಹಣವುಂಟೆಂದು ತೋರಿಸಿದವನು, ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಬಹುದು; ಆ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ನೀಲಿಪತ್ರದ ಮೇಲೆ ಅಲ್ಲಿ ದುಡಿಯುವವರಿಗೆ ಸ್ಥಿರವಾಸವು 27 ತಿಂಗಳಿಗೆ ದೊರೆಯಬಹುದು. ಜರ್ಮನ್ ಭಾಷೆಯನ್ನು ಮಧ್ಯಮಮಟ್ಟಕ್ಕೆ ಕಲಿತಿದ್ದರೆ 21 ತಿಂಗಳೇ ಸಾಕು. ಪರಭಾಷೆಯ ನಗರದಲ್ಲಿ ನೆಲಸಿದ ನಮಗೆ ಇದರ ಮರ್ಮವನ್ನು ಬೇರೆ ಹೇಳಬೇಕಾಗಿಲ್ಲ. ನೆಲದ ಭಾಷೆಯನ್ನು ಕಲಿತವನಿಗೆ ಬಾಗಿಲು ಬೇಗ ತೆರೆಯುತ್ತದೆ.

ಅಂಕಪದ್ಧತಿಯೂ ದೋಷರಹಿತವಲ್ಲ. ಅದು ಯೌವನವನ್ನು ಬಯಸುತ್ತದೆ. ಬೇಕಾದ ಕಸುಬುಗಳ ಪಟ್ಟಿಯನ್ನು ಅತಿಥೇಯ ರಾಷ್ಟ್ರವು ತನ್ನ ಅನುಕೂಲದಂತೆ ತಿದ್ದುತ್ತದೆ. ಆದರೂ ಅದರಲ್ಲಿ ಮನುಷ್ಯನು ಒಬ್ಬ ಧಣಿಯ ಹಂಗಿನಲ್ಲಿರುವುದಿಲ್ಲ.

ಆದುದರಿಂದ ಹೊರಡುವವನು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅನುಮತಿಯು ನನ್ನ ಹೆಸರಿನದೋ ಮಾಲಿಕನ ಅರ್ಜಿಯದೋ? ಕೆಲಸ ತಪ್ಪಿದರೆ ಎಷ್ಟು ದಿನ ಇರಬಹುದು? ಪತ್ನಿಗೆ ಅಥವಾ ಪತಿಗೆ ದುಡಿಯುವ ಅವಕಾಶವುಂಟೆ? ಮಕ್ಕಳು ಪ್ರಾಯಕ್ಕೆ ಬಂದಾಗ ಅವರ ಗತಿಯೇನು? ಇವುಗಳಿಗೆ ದಲ್ಲಾಳಿಯ ಬಾಯಿಮಾತಿನಲ್ಲಿ ಅಲ್ಲ, ಆಯಾ ಸರಕಾರದ ಲಿಖಿತ ನಿಯಮಗಳಲ್ಲಿ ಉತ್ತರ ಹುಡುಕಬೇಕು. ಸಂಬಳದ ಅಂಕೆಯು ಇಂದಿನ ಸುಖವನ್ನು ಹೇಳಿದರೆ, ಈ ಉತ್ತರಗಳು ನಾಳಿನ ಬಾಳನ್ನು ಹೇಳುತ್ತವೆ.