ಗಗನದಲ್ಲಿ ಒಂದು ಗಂಟೆ, ಮನೆಯಿಂದ ಎಷ್ಟು ಗಂಟೆ?

ಬೆಂಗಳೂರಿನ ಆಸ್ಪತ್ರೆಯಿಂದ ಫೋನು ಬರುತ್ತದೆ, "ಅಮ್ಮನಿಗೆ ಸೀರಿಯಸ್, ಕೂಡಲೇ ಹೊರಡಿ" ಅಂತ. ಮನೆಯಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಬಸ್ಸು ಯಾಕೆ? ಕಣ್ಣೂರಿನಿಂದ ವಿಮಾನ ಇದೆಯಲ್ಲ, ಒಂದೇ ಗಂಟೆ!" ಅಂಥ ಹೊತ್ತಿನಲ್ಲಿ ಲೆಕ್ಕ ಹಾಕುವ ತಾಳ್ಮೆ ಯಾರಿಗಿರುತ್ತದೆ, ಸೋದರಿಯರೇ? ಒಲೆಯ ಮೇಲೆ ಅನ್ನ ಬೇಯುವಷ್ಟರಲ್ಲಿ ಇವತ್ತೇ ಮಾಡಿಟ್ಟುಕೊಳ್ಳೋಣ.

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ನಮ್ಮ ಚೆಟ್ಟಳ್ಳಿಗೆ ಹತ್ತಿರದ್ದೆಂದರೆ ಕಣ್ಣೂರಿನದು. 2018ರ ಡಿಸೆಂಬರ್ 9ರಂದು ಮಟ್ಟನ್ನೂರಿನಲ್ಲಿ ಆರಂಭವಾಯಿತು. ಹಕ್ಕಿ ಹಾರುವ ದಾರಿಯಲ್ಲಿ 60 ಕಿ.ಮೀ. ಆದೀತು. ನಾವು ಹಕ್ಕಿಗಳಲ್ಲವಲ್ಲ! ಸಿದ್ದಾಪುರ, ವಿರಾಜಪೇಟೆ ದಾಟಿ, ಮಾಕುಟ್ಟದ ಘಾಟಿಯಿಳಿದು, ಇರಿಟ್ಟಿಯ ಮೇಲೆ ಹೋದರೆ ಸುಮಾರು 90 ಕಿ.ಮೀ. ಮೂರು ಗಂಟೆ ಇಟ್ಟುಕೊಳ್ಳಿ.

ಅಲ್ಲಿಂದ ಬೆಂಗಳೂರಿಗೆ ಆಕಾಶಮಾರ್ಗ ಸುಮಾರು 275 ಕಿ.ಮೀ. ರೆಕ್ಕೆಯಲ್ಲಿ ಫ್ಯಾನು ತಿರುಗುವ ಚಿಕ್ಕ ಎಟಿಆರ್ ವಿಮಾನ ಗಂಟೆಗೆ 500 ಕಿ.ಮೀ. ಹೋಗುತ್ತದೆ. ಹಾಗಾದರೆ ಅರ್ಧ ಗಂಟೆ ಸಾಕಲ್ಲ, ಟಿಕೆಟ್ಟಿನಲ್ಲಿ ಒಂದು ಗಂಟೆ ಯಾಕೆ ಅಂತ ಕೇಳುತ್ತೀರಿ. ನಿಂತ ಜಾಗ ಬಿಟ್ಟು ಕದಲಿದಾಗಿನಿಂದ ಇಳಿದ ಊರಿನಲ್ಲಿ ಪೂರಾ ನಿಲ್ಲುವವರೆಗಿನ ಹೊತ್ತನ್ನು ಅಲ್ಲಿ ಅಚ್ಚು ಹಾಕಿರುತ್ತಾರೆ. ಓಡುದಾರಿಗೆ ತೆವಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲಾ ಅದರಲ್ಲೇ ಸೇರಿತು. ದಾರಿ ಚಿಕ್ಕದಾದಷ್ಟೂ ಈ ದಂಡದ ಹೊತ್ತೇ ದೊಡ್ಡದು.

ಈಗ ಕೂಡಿಸಿ. ಘಾಟಿಗೆ ಮೂರು ಗಂಟೆ, ಎರಡು ಗಂಟೆ ಮೊದಲೇ ಹೋಗಿ ಕೂರುವುದು, ವಿಮಾನದಲ್ಲಿ ಒಂದು, ಪೆಟ್ಟಿಗೆ ಕಾಯಲು ಅರ್ಧ, ಕೆಂಪೇಗೌಡ ನಿಲ್ದಾಣದಿಂದ ಊರೊಳಗೆ ಒಂದೂವರೆ. ಎಂಟು ಗಂಟೆ! ಅದೂ ನೀವು ಹೊರಟ ಹೊತ್ತಿಗೇ ವಿಮಾನವಿದ್ದರೆ. ಕುಶಾಲನಗರದ ದಾರಿಯಲ್ಲಿ ಕಾರಿನಲ್ಲಿ ಹೋದರೆ ಸುಮಾರು 250 ಕಿ.ಮೀ., ಆರು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿರುತ್ತೀರಿ. ಅಮ್ಮನ ಕಣ್ಣ ಮುಂದೆ ಎರಡು ಗಂಟೆ ಮೊದಲೇ ನಿಲ್ಲುವುದೆಂದರೆ ಸಣ್ಣ ಮಾತೇ? ಶಿರಸಿಯವರು ಹುಬ್ಬಳ್ಳಿ ನಿಲ್ದಾಣ, ಪುತ್ತೂರಿನವರು ಮಂಗಳೂರಿನ ಬಜ್ಪೆ ಇಟ್ಟುಕೊಂಡು ಹೀಗೇ ಕೂಡಿಸಿ ನೋಡಿ.

ಮುಂಬಯಿಗೋ ದುಬೈಗೋ ಆದರೆ ಮಾತೇ ಬೇರೆ. ಅಲ್ಲಿ ವಿಮಾನವೇ ಸರಿ. ಆದರೆ ಟಿಕೆಟ್ಟಿನಲ್ಲಿ ಆಯಾ ಊರಿನ ಗಡಿಯಾರದ ಹೊತ್ತು ಇರುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹತ್ತಕ್ಕೆ ಹೊರಟು ಹನ್ನೆರಡೂವರೆಗೆ ಇಳಿಯುತ್ತದೆ ಅಂದರೆ ಎರಡೂವರೆ ಗಂಟೆಯ ಹಾರಾಟವಲ್ಲ, ನಾಲ್ಕು ಗಂಟೆಯದು. ಸಕ್ಕರೆ ಕಾಯಿಲೆಯವರು ಊಟ, ಮಾತ್ರೆಯ ಲೆಕ್ಕವನ್ನು ಈ ನಾಲ್ಕರ ಮೇಲೆ ಹಾಕಬೇಕು.

ಮಳೆಗಾಲದಲ್ಲಿ ಮೊದಲು ಘಾಟಿಯ ಸುದ್ದಿ ವಿಚಾರಿಸಿ. 2018ರ ಮಳೆಯಲ್ಲಿ ಮಾಕುಟ್ಟದ ದಾರಿಯೂ ಕುಸಿಯಿತು, ಮಂಗಳೂರಿಗಿಳಿಯುವ ಸಂಪಾಜೆ ದಾರಿಯೂ ಮುಚ್ಚಿತು. ಇನ್ನೊಂದು: ಮಗಳಿಗೆಂದು ಒಣ ಕೊಬ್ಬರಿ ಕಟ್ಟಬೇಡಿ. ಎಣ್ಣೆಯಂಶದಿಂದ ಬೇಗ ಬೆಂಕಿ ಹಿಡಿಯುತ್ತದೆಂದು 2022ರಲ್ಲಿ ಅದನ್ನು ವಿಮಾನದ ಸಾಮಾನಿನಲ್ಲಿ ನಿಷೇಧಿಸಿದರು.