ಫೋನ್ ಎತ್ತುವವರು, ದೊಡ್ಡಿಗೆ ಹೋಗುವವರು

ಸಹಾಯವಾಣಿಗೆ ಕರೆ ಮಾಡಿದರೆ ಆ ಕಡೆಯಿಂದ ಬೇಗನೆ ಬರುವ ಪ್ರಶ್ನೆ: 'ವಿಳಾಸ ಹೇಳಿ'. ನಗರದವರಿಗೆ ಇದರಲ್ಲಿ ಕಷ್ಟವೇನಿಲ್ಲ. ಅಡ್ಡರಸ್ತೆ, ಬಸ್ ನಿಲ್ದಾಣ, ಪಕ್ಕದ ಬ್ಯಾಂಕು ಹೇಳಿದರೆ ಮುಗಿಯಿತು. ಸುರಪುರ ತಾಲ್ಲೂಕಿನ ಕಕ್ಕೇರಾ ಭಾಗದವರಿಗೆ ತೊಡಕು ಶುರುವಾಗುವುದೇ ಇಲ್ಲಿಂದ. ಇಲ್ಲಿನ ಜನ ಊರೊಳಗಷ್ಟೇ ಇಲ್ಲ, ಹೊಲಗಳ ನಡುವಿನ ದೊಡ್ಡಿಗಳಲ್ಲೂ ಚದುರಿಕೊಂಡಿದ್ದಾರೆ. ಕಾಲುವೆ ಏರಿ ಹಿಡಿದು ಬರಬೇಕು, ಹಳ್ಳ ದಾಟಬೇಕು, ಆಮೇಲೆ ಸಿಕ್ಕವರನ್ನು ಕೇಳಬೇಕು. 'ಬಂದು ಯಾರನ್ನರೆ ಕೇಳ್ರಿ, ತೋರಸ್ತಾರ' ಎನ್ನುವುದೇ ಇಲ್ಲಿನ ವಿಳಾಸ. ಕಂಪ್ಯೂಟರ್ ಮುಂದೆ ಕೂತ ಹುಡುಗಿ ಇದನ್ನು ಯಾವ ಖಾನೆಯಲ್ಲಿ ತುಂಬಬೇಕು?

ದಾರಿಯೇ ಇಲ್ಲದ ಕಡೆ ಸಹಾಯವಾಣಿ ಏನು ಮಾಡೀತು ಎಂಬುದನ್ನು ಈ ಸೀಮೆ 2014ರಲ್ಲೇ ಕಂಡಿದೆ. ಕಕ್ಕೇರಾ ಸಮೀಪ ಕೃಷ್ಣೆಯ ನಡುವೆ ನೀಲಕಂಠರಾಯನ ಗಡ್ಡಿ ಎಂಬ ಪುಟ್ಟ ಊರಿದೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಸುತ್ತಲೂ ಹೊಳೆ ಏರುತ್ತದೆ. ಆ ವರ್ಷದ ಜುಲೈ ಕೊನೆಯಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರ ಆಸರೆಯಲ್ಲಿ ತುಂಬಿದ ಹೊಳೆ ಈಜಿ ಕಕ್ಕೇರಾ ದಡ ಸೇರಿದರು. ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕೆಂಬುದು ಅವರ ಹಟ. ಸುದ್ದಿ ಬಿಬಿಸಿಯವರೆಗೂ ಹೋಯಿತು. ಅಷ್ಟೊತ್ತಿಗೆ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಬಂದು ಐದು ವರ್ಷ ದಾಟಿತ್ತು. 2008ರ ನವೆಂಬರ್ 1ರಂದೇ 'ಆರೋಗ್ಯ ಕವಚ' ಶುರುವಾಗಿತ್ತು. ಕರೆ ಹೊಳೆ ದಾಟಬಲ್ಲದು, ಗಾಡಿ ದಾಟಲಾರದು. ಆ ಹೆಣ್ಣುಮಗಳ ಎದೆಗಾರಿಕೆಯನ್ನು ಆಗ ಎಲ್ಲರೂ ಹೊಗಳಿದರು. ಹಾಗೆ ಹೊಗಳಬೇಕಾಗಿ ಬಂದದ್ದೇ ನಾಚಿಕೆಯ ವಿಷಯ ಎಂದವರು ಕಡಿಮೆ.

ಸಹಾಯವಾಣಿ ಎಂದರೆ ಫೋನು ಎಂದುಕೊಳ್ಳುತ್ತೇವೆ. ಹಾಗೆ ನೋಡಿದರೆ ಫೋನು ಅದರ ತೀರಾ ಸಣ್ಣ ಭಾಗ. ಮಕ್ಕಳ ಸಹಾಯವಾಣಿ 1098ರ ಕತೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದ ಜೆರೂ ಬಿಲಿಮೋರಿಯಾ ಅವರಿಗೆ ರೈಲು ನಿಲ್ದಾಣದ ಮಕ್ಕಳ ಒಡನಾಟವಿತ್ತು. ತಮ್ಮ ಮನೆಯ ಫೋನ್ ನಂಬರನ್ನು ಆ ಮಕ್ಕಳಿಗೆ ಕೊಟ್ಟಿದ್ದರು. ಮಕ್ಕಳು ನಡುರಾತ್ರಿ ಕರೆ ಮಾಡತೊಡಗಿದರು: ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಪೊಲೀಸರ ಏಟು. ಆ ರಾತ್ರಿ ಕರೆಗಳೇ ಬೆಳೆದು 1996ರಲ್ಲಿ ಚೈಲ್ಡ್‌ಲೈನ್ ಆಯಿತು. ಓದು ಬರಹ ಗೊತ್ತಿಲ್ಲದ ಮಗುವಿಗೂ ನಂಬರು ನೆನಪಿರಬೇಕಲ್ಲ? ಅದಕ್ಕೇ ಎಣಿಕೆಯನ್ನು ಹಿಂದಕ್ಕೆ ಹೇಳಿದಂತೆ 'ದಸ್, ನೌ, ಆಠ್'.

ಚೈಲ್ಡ್‌ಲೈನಿನ ನಿಜವಾದ ಜಾಣತನ ಇದ್ದದ್ದು ಅದರ ಕಟ್ಟೋಣದಲ್ಲಿ. ಕರೆ ಸ್ವೀಕರಿಸುವ ಕೇಂದ್ರ ದೂರದ ಯಾವುದೋ ಮಹಾನಗರದಲ್ಲಿ. ಮಗುವಿನ ಬಳಿ ಹೋಗುವವರು ಮಾತ್ರ ಆಯಾ ಜಿಲ್ಲೆಯಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿದ್ದ ಸ್ವಯಂಸೇವಾ ಸಂಸ್ಥೆಯವರು. ಕರೆ ಬಂದ 60 ನಿಮಿಷದೊಳಗೆ ಮಗುವನ್ನು ತಲುಪಬೇಕು ಎನ್ನುವುದು ಅವರ ಗುರಿ. ಯಾದಗಿರಿಯಿಂದ ಹೊರಟು ಭೀಮಾ ಸೇತುವೆ, ಶಹಾಪುರ, ಸುರಪುರ ದಾಟಿ ಕಕ್ಕೇರಾದ ದೊಡ್ಡಿ ಮುಟ್ಟಬೇಕಾದವರಿಗೆ ಆ 60 ನಿಮಿಷದ ಲೆಕ್ಕ ಕೇಳಿ ನಗು ಬಂದರೆ ತಪ್ಪಿಲ್ಲ. ಆದರೂ ಹೋಗುವವನಿಗೆ ದಾರಿ ಗೊತ್ತಿರುತ್ತಿತ್ತು, ಅಂಗನವಾಡಿ ಟೀಚರಿನ ಪರಿಚಯವಿರುತ್ತಿತ್ತು, ಮಾತು ಇದೇ ಸೀಮೆಯದಾಗಿರುತ್ತಿತ್ತು. ದೇಶದಾದ್ಯಂತ ಇಂಥ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಆ ಜಾಲದಲ್ಲಿದ್ದವು.

ಕರೆಯೊಂದು ಏನೇನು ಕೆಲಸ ಹುಟ್ಟಿಸುತ್ತದೆ ಎಂದು ತಿಳಿಯಲು ಬಾಲ್ಯವಿವಾಹದ ಪ್ರಕರಣ ನೋಡಬೇಕು. ಅಕ್ಷಯ ತದಿಗೆ, ಬಸವ ಜಯಂತಿ ಸುತ್ತಮುತ್ತ, ಜಾತ್ರೆ ಮತ್ತು ಮದುವೆಗಳ ಬಿಸಿಲುಗಾಲದಲ್ಲಿ ಇವು ಹೆಚ್ಚು. ಹಂದರ ಹಾಕಿಯಾದ ಮೇಲೆ ಯಾರೋ 1098ಕ್ಕೆ ತಿಳಿಸುತ್ತಾರೆ. ಹುಡುಗಿಯ ಗೆಳತಿ ಇರಬಹುದು, ಮೇಷ್ಟ್ರು ಇರಬಹುದು, ಕೆಲವೊಮ್ಮೆ ಹುಡುಗಿಯೇ. ಕರೆ ಮಾಡಿದವರ ಹೆಸರು ಹೊರಗೆ ಬರುವುದಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ವಯಸ್ಸು ನೋಡಬೇಕು, ಪೊಲೀಸರನ್ನೂ ಅಂಗನವಾಡಿ ಮೇಲ್ವಿಚಾರಕಿಯನ್ನೂ ಕರೆದುಕೊಂಡು ಹೋಗಬೇಕು, ಅಪ್ಪ ಅಮ್ಮನಿಂದ ಮುಚ್ಚಳಿಕೆ ಬರೆಸಬೇಕು. ರಕ್ಷಿಸಿ ಕರೆತಂದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕು. ಕಾನೂನು ನಮ್ಮಲ್ಲಿ ಗಟ್ಟಿಯಾಗಿಯೇ ಇದೆ. ರಾಯಚೂರು ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆಮೇಲಿನ ರಾಜ್ಯ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು.

ಮುಚ್ಚಳಿಕೆ ಬರೆಸಿ ಜೀಪು ಹೊರಟುಹೋದ ಮೇಲಿನ ಕತೆ ಯಾವ ವರದಿಯಲ್ಲೂ ಇರುವುದಿಲ್ಲ. ಹಂದರಕ್ಕೆ ಮಾಡಿದ ಸಾಲ ಉಳಿದಿದೆ. ಬೀಗರಾಗಬೇಕಿದ್ದವರು ಮುನಿಸಿಕೊಂಡಿದ್ದಾರೆ. ಹುಡುಗಿ ಶಾಲೆ ಬಿಟ್ಟು ವರ್ಷವಾಗಿದೆ. ದೀಪಾವಳಿ ಮುಗಿಯುತ್ತಿದ್ದಂತೆ ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ಗುಳೆ ಹೊರಟರೆ ಅವಳನ್ನು ಯಾರ ಬಳಿ ಬಿಟ್ಟಾರು? 'ಮದಿವಿ ಮಾಡಿದ್ರ ಜವಾಬ್ದಾರಿ ತೀರತದ' ಎಂಬ ಮಾತಿನ ಬೇರು ಇರುವುದು ಈ ಭಯದಲ್ಲಿ. ಅವಳಿಗೆ ಕಸ್ತೂರಬಾ ಬಾಲಿಕಾ ವಿದ್ಯಾಲಯದಲ್ಲೋ ಹಾಸ್ಟೆಲಿನಲ್ಲೋ ಜಾಗ ಕೊಡಿಸಿ, ಮೂರು ತಿಂಗಳಿಗೊಮ್ಮೆ ಮನೆಗೆ ಹೋಗಿ ಮಾತಾಡಿಸಿ ಬರುವವರು ಬೇಕು. ಅದನ್ನೇ ಸ್ಥಳೀಯ ಸಂಸ್ಥೆಯ ಕಾರ್ಯಕರ್ತ ಮಾಡುತ್ತಿದ್ದದ್ದು.

2023ರಲ್ಲಿ ವ್ಯವಸ್ಥೆ ಬದಲಾಯಿತು. ಕೇಂದ್ರದ ಮಿಷನ್ ವಾತ್ಸಲ್ಯದಡಿ 1098 ರಾಜ್ಯ ಸರ್ಕಾರಗಳ ಕೈಗೆ ಬಂತು, ತುರ್ತು ಸಂಖ್ಯೆ 112ರ ಜತೆ ಜೋಡಣೆಯಾಯಿತು. ಜಿಲ್ಲೆಯ ಹೊಣೆ ಮಕ್ಕಳ ರಕ್ಷಣಾ ಘಟಕದ್ದಾಯಿತು. ಪೊಲೀಸರು ಬೇಗ ಬರುತ್ತಾರೆ, ಅಧಿಕಾರದ ಬಲವಿರುತ್ತದೆ ಎನ್ನುವ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಪೊಲೀಸರು ಬಂದಾರೆಂಬ ಅಂಜಿಕೆಯಲ್ಲಿ ಕರೆಯನ್ನೇ ಮಾಡದವರೂ ಇರುತ್ತಾರೆ. ಇಪ್ಪತ್ತೈದು ವರ್ಷದಲ್ಲಿ ಊರೂರು ಅಲೆದು ಸಂಸ್ಥೆಗಳು ಗಳಿಸಿದ್ದ ಪರಿಚಯವನ್ನು ಒಂದು ಆದೇಶದಲ್ಲಿ ಬದಿಗಿಟ್ಟದ್ದು ನನ್ನ ಮಟ್ಟಿಗೆ ದುಂದು. ಸರ್ಕಾರ ಫೋನು ಹಿಡಿಯಲಿ, ದೊಡ್ಡಿಗೆ ಹೋಗುವ ಕೆಲಸದಲ್ಲಿ ಅವರನ್ನೂ ಇಟ್ಟುಕೊಳ್ಳಬಹುದಿತ್ತು.

ನಂಬರುಗಳಿಗಂತೂ ಬರವಿಲ್ಲ. ಹೆಣ್ಣುಮಕ್ಕಳಿಗೆ 181, ಹಿರಿಯರಿಗೆ 14567, ಆರೋಗ್ಯ ಸಲಹೆಗೆ ಹುಬ್ಬಳ್ಳಿಯಲ್ಲಿ ಶುರುವಾದ 104, ವಿದ್ಯುತ್ತಿಗೆ 1912, ಸರ್ಕಾರದ ಮೇಲಿನ ದೂರಿಗೆ 1902, ಆನ್‌ಲೈನ್ ವಂಚನೆಗೆ 1930, ದನಕರುಗಳಿಗೆ 1962. ರೈತರಿಗೆ 2004ರಿಂದಲೇ ಕಿಸಾನ್ ಕಾಲ್ ಸೆಂಟರ್ ಇದೆ. ಮನಸ್ಸಿನ ಬಾಧೆಗೆ 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್, 14416. ಇದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡಬಹುದು. ಬೆಳೆ ಹೋದ, ಸಾಲ ಹೆಚ್ಚಿದ ವರ್ಷ ಈ ಸೀಮೆಗೆ ತೀರಾ ಬೇಕಾದ ನಂಬರು ಇದು. ಗೊತ್ತಿರುವವರು ಮಾತ್ರ ಕಡಿಮೆ.

ತೊಂದರೆಗಳು ಹೀಗೆ ಬಿಡಿ ಬಿಡಿಯಾಗಿ ಬಂದರೆ ನಂಬರುಗಳೂ ಬಿಡಿ ಬಿಡಿಯಾಗಿ ಇರಬಹುದಿತ್ತು. ಗಂಡ ಕುಡಿಯುತ್ತಾನೆ, ಅತ್ತೆಯ ಪಿಂಚಣಿ ನಿಂತಿದೆ, ಮಗ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋಗುತ್ತಿದ್ದಾನೆ. ಎಲ್ಲವೂ ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ. ಆ ತಾಯಿ ಯಾವ ನಂಬರು ಒತ್ತಬೇಕು? ಅಮೆರಿಕದ ಅಟ್ಲಾಂಟಾದಲ್ಲಿ ಯುನೈಟೆಡ್ ವೇ ಎಂಬ ಸಂಸ್ಥೆ 1997ರಲ್ಲಿ ಈ ಪ್ರಶ್ನೆಗೆ 211 ಎಂಬ ಒಂದೇ ಸಂಖ್ಯೆಯ ಉತ್ತರ ಕಂಡುಕೊಂಡಿತು. 2000ದಲ್ಲಿ ಅಲ್ಲಿನ ಸಂಪರ್ಕ ಆಯೋಗ ಅದನ್ನು ಇಡೀ ದೇಶಕ್ಕೆ ಮೀಸಲಿಟ್ಟಿತು. 211 ತಾನಾಗಿ ಅನ್ನ ಹಾಕುವುದಿಲ್ಲ, ಔಷಧಿ ಕೊಡುವುದಿಲ್ಲ. ಯಾವ ಕೆಲಸಕ್ಕೆ ಯಾರಿದ್ದಾರೆ, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವ ಕಾಗದ ತರಬೇಕು ಎಂದು ತಿಳಿಸಿ ಕಳಿಸುತ್ತದೆ, ಅಷ್ಟೇ. ಆ ಪಟ್ಟಿಯನ್ನು ಹಳಸದಂತೆ ಕಾಯುವುದೇ ಅಲ್ಲಿನವರ ದೊಡ್ಡ ದುಡಿಮೆ.

ಕಕ್ಕೇರಾದಲ್ಲಿ ಈ ಕೆಲಸವನ್ನು ಸಂಬಳವಿಲ್ಲದೆ ಮಾಡುವವರಿದ್ದಾರೆ: ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿಯ ಹುಡುಗ. 'ಯಾರಿಗಿ ಹೇಳ್ಬೇಕ್ರಿ' ಎಂದು ಜನ ಕೇಳುವುದು ಇವರನ್ನೇ. ತಪ್ಪು ಕಚೇರಿಗೆ ಅಲೆಯುವುದು ತಪ್ಪಿದರೆ ಒಂದು ದಿನದ ಕೂಲಿ ಉಳಿದಂತೆ. ಇಲ್ಲಿ ಕಚೇರಿಯ ಗೊಂದಲವೂ ಬೇರೆಯೇ ಇದೆ. ಗ್ರಾಮ ಪಂಚಾಯಿತಿ ಹೋಗಿ ಪುರಸಭೆಯಾದ ಮೇಲೆ, ಹೊಲದ ನಡುವೆ ಬದುಕುವ ದೊಡ್ಡಿಯವರೂ ಕಾಗದದಲ್ಲಿ ಪಟ್ಟಣಿಗರು. ಗ್ರಾಮೀಣ ಉದ್ಯೋಗ ಖಾತರಿ ಪಟ್ಟಣಕ್ಕೆ ಅನ್ವಯಿಸುವುದಿಲ್ಲ. ಪಕ್ಕದ ಪಂಚಾಯಿತಿಯವನಿಗೆ ಸಿಗುವ ಕೆಲಸ ತನಗೇಕಿಲ್ಲ ಎಂದು ಕೇಳುವವನಿಗೆ ಯಾವ ಸಹಾಯವಾಣಿಯೂ ತೃಪ್ತಿಯ ಉತ್ತರ ಕೊಡಲಾರದು.

ಇನ್ನು ದೊಡ್ಡಿಗೆ ಹೋಗುವ ಸಂಸ್ಥೆಗಳ ಹಣದ ಮಾತು. ಯಾದಗಿರಿ 2009ರ ಕೊನೆಯಲ್ಲಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಸಾಕ್ಷರತೆ ಸುಮಾರು ಶೇ 52, ರಾಜ್ಯದಲ್ಲೇ ಕೊನೆಯ ಸ್ಥಾನ. ಹಾಗಾಗಿ ದೊಡ್ಡ ಸಂಸ್ಥೆಗಳ ಕಣ್ಣು ಇತ್ತ ಬಿದ್ದಿದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಎರಡು ದಶಕದ ಹಿಂದೆಯೇ ಸುರಪುರದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಸ್ನೇಹಿ ಶಾಲೆಯ ಕೆಲಸ ಹಿಡಿದಿತ್ತು. ಟಾಟಾ ಟ್ರಸ್ಟ್ಸ್ ಬೆಂಬಲದ 'ಕಲಿಕೆ' ಶಿಕ್ಷಣ, ಆರೋಗ್ಯ, ಜೀವನೋಪಾಯ ಎಲ್ಲದರಲ್ಲೂ ಇದೆ. ಇವುಗಳ ಬಗ್ಗೆ ಚಿಂತೆಯಿಲ್ಲ. ಚಿಂತೆ ಇರುವುದು ಒಂದು ಬಾಡಿಗೆ ಕೋಣೆ, ಇಬ್ಬರು ಕಾರ್ಯಕರ್ತರು, ಒಂದು ಹಳೇ ಬೈಕು ಇರುವ ತಾಲ್ಲೂಕು ಮಟ್ಟದ ಸಂಸ್ಥೆಗಳದ್ದು. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆಗಳು ತಮಗೆ ಬಂದ ವಿದೇಶಿ ದೇಣಿಗೆಯಲ್ಲಿ ಒಂದು ಪಾಲನ್ನು ಇಂಥವಕ್ಕೆ ದಾಟಿಸುತ್ತಿದ್ದವು. ವಿದೇಶಿ ದೇಣಿಗೆ ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ಬಂದ ತಿದ್ದುಪಡಿ ಆ ಹಸ್ತಾಂತರವನ್ನೇ ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಹಣದ ದುರುಪಯೋಗ ತಡೆಯುವುದು ಉದ್ದೇಶವಂತೆ. ದೊಡ್ಡವರು ಲೆಕ್ಕಿಗರನ್ನಿಟ್ಟುಕೊಂಡು ದಡ ಸೇರಿದರು.

ಉಳಿದದ್ದು ಕಂಪನಿಗಳ ಸಾಮಾಜಿಕ ಹೊಣೆಯ ಹಣ. 2013ರ ಕಂಪನಿ ಕಾಯ್ದೆಯಂತೆ ಲಾಭದ ಶೇ 2. ಆ ಕಾಯ್ದೆ ಕಾರ್ಖಾನೆಯ ಸುತ್ತಲಿನ ಊರುಗಳಿಗೇ ಆದ್ಯತೆ ಎನ್ನುತ್ತದೆ. ಯಾದಗಿರಿಯ ಕಾರ್ಖಾನೆಗಳು ಇರುವುದು ಕಡೇಚೂರು–ಬಾಡಿಯಾಳದಲ್ಲಿ, ಜಿಲ್ಲೆಯ ಆ ತುದಿಗೆ. ಕಕ್ಕೇರಾ ಈ ತುದಿಗೆ. ಸಿಕ್ಕರೂ ಆ ಹಣ ಕಟ್ಟಡಕ್ಕೆ, ಟ್ಯಾಬಿಗೆ, ಬಣ್ಣ ಬಳಿದ ಗೋಡೆಗೆ ಒಲಿಯುತ್ತದೆ. ಪೆಟ್ರೋಲಿಗೆ, ಮೊಬೈಲ್ ರೀಚಾರ್ಜಿಗೆ, ಕಾರ್ಯಕರ್ತೆಯ ಹನ್ನೆರಡು ತಿಂಗಳ ಸಂಬಳಕ್ಕೆ ಸುಲಭವಾಗಿ ಸಿಗದು. ಸುರಪುರ, ಶಹಾಪುರದ ವರ್ತಕರು ಜಾತ್ರೆಗೆ, ದಾಸೋಹಕ್ಕೆ ಕೈಬಿಚ್ಚಿ ಕೊಡುವವರೇ. ತಾಲ್ಲೂಕಿಗೊಬ್ಬ ಕಾರ್ಯಕರ್ತೆಯ ಸಂಬಳ ಅವರಿಗೆ ಭಾರವೇನಲ್ಲ. ಕೇಳಲು ಹೋದವರು ಮಾತ್ರ ವಿರಳ, ಏಕೆಂದರೆ ಬೈಕಿನಲ್ಲಿ ದೊಡ್ಡಿ ಸುತ್ತುವವರಿಗೆ ಅಂಗಡಿ ಅಂಗಡಿ ಸುತ್ತಿ ತಮ್ಮ ಕೆಲಸ ಹೇಳಿಕೊಳ್ಳಲು ಪುರುಸೊತ್ತಿರುವುದಿಲ್ಲ.