ಸುಳ್ಳು ಹೇಳಿ ಶಾಲೆಗೆ ಬಿಡದಿರಿ

ಜೂನ್ ತಿಂಗಳ ಮೊದಲ ವಾರ. ಜಡಿಮಳೆ. ಒಂದನೇ ತರಗತಿಯ ಬಾಗಿಲಲ್ಲಿ ಒದ್ದೆ ಕೊಡೆಗಳ ಸಾಲು. ಒಂದು ಮಗು ಅಳತೊಡಗಿದರೆ ಸಾಕು, ಉಳಿದವೂ ದನಿಗೂಡಿಸುತ್ತವೆ. ಆಗ ಹೆಚ್ಚಿನ ತಾಯಂದಿರು ಹೇಳುವ ಮಾತು ಒಂದೇ: "ಅಳಬೇಡ, ಉಮ್ಮ ಇಲ್ಲೇ ಹೊರಗೆ ಕೂತಿರುತ್ತೇನೆ." ಮಗು ಅತ್ತ ತಿರುಗುವಷ್ಟರಲ್ಲಿ ಉಮ್ಮ ಗೇಟು ದಾಟಿರುತ್ತಾರೆ.

ಪ್ರಿಯ ಸಹೋದರಿಯರೇ, ನೀವೂ ಹೀಗೆ ಮಾಡಿರಬಹುದು. ಶಿಕ್ಷಕಿಯಾಗಿದ್ದೂ ನಾನು ಮಾಡಿದ್ದೇನೆ. "ಅಂಗಡಿಗೆ ಹೋಗಿ ಈಗ ಬಂದೆ" ಎಂದು ಕಿರಿಯ ಮಗನನ್ನು ಶಾಲೆಯಲ್ಲಿ ಬಿಟ್ಟು ಬಂದೆ. ಸಂಜೆ ಅವನು ಕೇಳಿದ್ದು ಇಷ್ಟೇ: "ಅಂಗಡಿ ಅಷ್ಟು ದೂರ ಉಂಟಾ?" ಮತ್ತೆ ಎರಡು ವಾರ ನಾನು ಬಚ್ಚಲಿಗೆ ಹೋದರೂ ಬಾಗಿಲ ಬಳಿ ಕಾಯುತ್ತಿದ್ದ. ಅವನಿಗೆ ಶಾಲೆಯ ಭಯವಿರಲಿಲ್ಲ. ನನ್ನ ಮಾತಿನ ಮೇಲಿನ ನಂಬಿಕೆ ಹೋಗಿತ್ತು.

ಸುನನ್ ಅಬೂದಾವೂದ್‌ನಲ್ಲಿ ಒಂದು ಘಟನೆಯಿದೆ. ಅಬ್ದುಲ್ಲಾ ಬಿನ್ ಆಮಿರ್(ರ) ಬಾಲಕರಾಗಿದ್ದಾಗ ಪ್ರವಾದಿ(ಸ) ಅವರ ಮನೆಗೆ ಬಂದಿದ್ದರು. ಏನೋ ಕೊಡುತ್ತೇನೆ ಬಾ ಎಂದು ತಾಯಿ ಮಗನನ್ನು ಕರೆದರು. ಏನು ಕೊಡುವಿರೆಂದು ಪ್ರವಾದಿ(ಸ) ಕೇಳಿದಾಗ ಖರ್ಜೂರವೆಂದು ಆಕೆ ಉತ್ತರಿಸಿದರು. ಏನೂ ಕೊಡದಿದ್ದರೆ ಅದು ನಿಮ್ಮ ಹೆಸರಿನಲ್ಲಿ ಒಂದು ಸುಳ್ಳೆಂದು ದಾಖಲಾಗುತ್ತಿತ್ತು ಎಂದು ಪ್ರವಾದಿ(ಸ) ಎಚ್ಚರಿಸಿದರು. ಮಗುವಿಗೆ ಹೇಳಿದ ಸುಳ್ಳೂ ಸುಳ್ಳೇ.

ಹಾಗಾದರೆ ಏನು ಮಾಡಬೇಕು? ಇದ್ದದ್ದನ್ನು ಹೇಳಿ. ಮಗುವಿಗೆ ಗಡಿಯಾರ ತಿಳಿಯದು, ದಿನದ ಕ್ರಮ ತಿಳಿಯುತ್ತದೆ. "ಪಾಠ ಆಗಿ, ಬಿಸಿಯೂಟ ಆಗಿ, ಆಟ ಆಗಿ, ಕೊನೆಯ ಗಂಟೆ ಬಾರಿಸಿದಾಗ ನಾನು ಗೇಟಿನ ಬಳಿ ಇರುತ್ತೇನೆ" ಎನ್ನಿ. ಸಲಾಮ್ ಹೇಳಿ, ಮುದ್ದಿಸಿ, ಹೊರಡಿ. ಕಿಟಕಿಯಲ್ಲಿ ಇಣುಕುತ್ತಾ ನಿಲ್ಲಬೇಡಿ. ಆದರೆ ಗಂಟೆ ಬಾರಿಸುವ ಮೊದಲೇ ಗೇಟಿನ ಬಳಿ ಇರಿ. "ತಂಟೆ ಮಾಡಿದರೆ ಟೀಚರ್ ಹೊಡೆಯುತ್ತಾರೆ" ಎಂದು ಮನೆಯಲ್ಲಿ ಹೆದರಿಸಲೂ ಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ.

ನಮ್ಮ ಮಕ್ಕಳ ಅಳುವಿಗೆ ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ, ಶಾಲೆಯಲ್ಲಿ ಕನ್ನಡ. ಮೂತ್ರಕ್ಕೆ ಹೋಗಬೇಕೆಂದು ಕೇಳಲು ಬಾರದೆ ಚಡ್ಡಿ ಒದ್ದೆ ಮಾಡಿಕೊಂಡ ಮಗು ಮರುದಿನ ಶಾಲೆಯೇ ಬೇಡವೆನ್ನುತ್ತದೆ. ಮೇ ತಿಂಗಳಲ್ಲೇ ನಾಲ್ಕು ವಾಕ್ಯ ಕಲಿಸಿ: "ಟೀಚರ್, ಮೂತ್ರಕ್ಕೆ ಹೋಗಬೇಕು", "ನೀರು ಬೇಕು", "ಹೊಟ್ಟೆ ನೋಯುತ್ತದೆ", "ನನಗೆ ಅರ್ಥವಾಗಲಿಲ್ಲ". ತಾನೇ ಚಡ್ಡಿ ಬಿಚ್ಚಿ ಹಾಕಿಕೊಳ್ಳಲು, ನೀರಿನಿಂದ ಶುಚಿ ಮಾಡಿಕೊಳ್ಳಲು, ಬುತ್ತಿಯ ಮುಚ್ಚಳ ತೆರೆಯಲು ಅಭ್ಯಾಸ ಮಾಡಿಸಿ. ಅಆಇಈಗಿಂತ ಮೊದಲು ಬೇಕಾದ ಪಾಠಗಳಿವು.

ಕರಾವಳಿಯ ನಮ್ಮ ಮಕ್ಕಳಿಗೆ ಬೆಳಿಗ್ಗೆ ಮದ್ರಸ, ಅಲ್ಲಿಂದ ನೇರ ಶಾಲೆ. ಎರಡನ್ನೂ ಒಂದೇ ವಾರ ಆರಂಭಿಸಬೇಡಿ. ಶವ್ವಾಲ್‌ನಲ್ಲಿ ಮದ್ರಸಕ್ಕೆ ಸೇರಿಸಿ, ಬೇಗ ಮಲಗಿ ಬೇಗ ಏಳುವ ರೂಢಿ ಮಾಡಿಸಿದರೆ ಜೂನ್‌ನಲ್ಲಿ ಶಾಲೆ ಅಷ್ಟು ಭಾರವಾಗದು.

ದಾಖಲಾತಿಯ ದಿನ ಅವಸರ ಬೇಡ. ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಎಂದು ಜನನ ಪತ್ರದಲ್ಲೊಂದು, ಆಧಾರ್‌ನಲ್ಲೊಂದು ಬಗೆಯಲ್ಲಿ ಹೆಸರಿದ್ದರೆ ಮೊದಲೇ ಸರಿಪಡಿಸಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆದ ಹೆಸರೇ ಎಸೆಸೆಲ್ಸಿ ಅಂಕಪಟ್ಟಿಯವರೆಗೂ ಹೋಗುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದೂ ಅದೇ ಕಾಯ್ದೆ ಹೇಳುತ್ತದೆ. ಒಂದನೇ ತರಗತಿಗೆ 6 ವರ್ಷ ತುಂಬಿರಬೇಕೆಂದು ನಮ್ಮ ರಾಜ್ಯದಲ್ಲಿ 2022ರಲ್ಲಿ ಆದೇಶವಾಯಿತು, 2025-26ನೇ ಸಾಲಿಗೆ ಅದನ್ನು ಸಡಿಲಿಸಲಾಯಿತು. ಆಯಾ ವರ್ಷದ ನಿಯಮವನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ ತಿಳಿಯಿರಿ. ಮಗು ಬೇಗ ಮುಂದೆ ಹೋಗಲೆಂದು ವಯಸ್ಸು ಹೆಚ್ಚಿಸಿ ಬರೆಸಬೇಡಿ. ಅದೂ ಸುಳ್ಳೇ.

ಶಾಲೆಯ ಮೊದಲ ದಿನ ಮಗು ಅಳಬಹುದು. ಅಳಲಿ. ಸಂಜೆ ಗೇಟಿನ ಬಳಿ, ನೀವು ಹೇಳಿದ ಜಾಗದಲ್ಲೇ ನಿಮ್ಮನ್ನು ಕಂಡರೆ ಮರುದಿನದ ಅಳು ಕಡಿಮೆಯಾಗುತ್ತದೆ, ಇನ್‌ಶಾ ಅಲ್ಲಾಹ್.